ಐವತ್ತೆರಡರಲ್ಲಿ ಇಪ್ಪತ್ತೇಳು

ಎರಡರಲ್ಲಿ ಏಳು ಹೋಗುವುದಿಲ್ಲ,
ಪಕ್ಕದ ಮನೆಯಿಂದ ಒಂದು ಸಾಲ ತಾ.
ಹೀಗೇ ಕಲಿತೆ, ಹೀಗೇ ಪಾಸಾದೆ,
ಹೀಗೇ ಕಲಿಸಲು ನಿಂತೆ
ಕಮಲಾಪುರದಾಚೆ, ಕೆಂಪು ಬಾಳೆಯ ತೋಟ ದಾಟಿದ ಮೇಲೆ
ಬರುವ ಎರಡು ಕೋಣೆಯ ಸಾಲಿಯಲ್ಲಿ.
ಮೂರನೇ ಈಯತ್ತೆ. ನನ್ನ ಮೊದಲ ಪಾಠ.
ಹಿಂದಿನ ಗೋಡೆಗೆ ಒರಗಿ ಕಡಗಂಚಿ ಸರ,
ಮುಚ್ಚಳ ತೆಗೆದ ಕೆಂಪು ಪೆನ್ನು.

ದೇವಿಂದ್ರ ಎಂಬ ಹುಡುಗ,
ಅಂಗಿಗೆ ನಡುವಿನ ಗುಂಡಿ ಇಲ್ಲ,
ಎದ್ದು ನಿಂತು ಕೇಳಿದ:
‘ಟೀಚರ್ರೀ, ತಂದ ಸಾಲ ಯಾವಾಗ ತೀರಸ್ತೀರಿ?’

ಯಾರೂ ನಗಲಿಲ್ಲ.
ನಾನು ಖಡು ಹಿಡಿದು ನಿಂತೆ.
ಹಲಗೆಯ ಮೇಲೆ ಐದು ನಾಲ್ಕಾಗಿತ್ತು,
ಎರಡು ಹನ್ನೆರಡಾಗಿತ್ತು.
ತಂದದ್ದು ಒಂದು, ಬಂದದ್ದು ಹತ್ತು,
ಇದು ಯಾವ ಊರಿನ ವ್ಯವಹಾರ?
ಹದಿನಾಲ್ಕು ವರ್ಷ ಪಾಟಿ ಹಿಡಿದವಳು
ಒಮ್ಮೆಯೂ ಕೇಳಿರಲಿಲ್ಲ.
ಘಂಟೆ ಬಡಿದು ನನ್ನ ಮಾನ ಉಳಿಸಿತು.

ಸರ ನನ್ನ ಪಾಠಯೋಜನೆಯ ಕೆಳಗೆ ಬರೆದದ್ದು ಇಷ್ಟೇ:
ಉತ್ತರ ಸರಿ. ಯಾಕೆ?

ಸಂಜೆ ತರಬೇತಿ ಕೇಂದ್ರದ ಅಂಗಳ,
ಇನ್ನೂ ಬಿಸಿ ಆರದ ಶಹಾಬಾದಿ ಕಲ್ಲಿನ ಮೇಲೆ
ತೊಗರಿ ಕಟಗಿಯ ಗುಡ್ಡೆ.
‘ಒಲಿಗಿ ಅಲ್ಲ ಇವು. ಹತ್ತು ಎಣಸ್ರಿ, ಕಟ್ರಿ.’
ಮೀಸೆ ಬಂದ ಗಂಡಸರು, ಏಳು ತಿಂಗಳ ಬಸುರಿ ಗೌಸಿಯಾ,
ನಾನು, ಎಲ್ಲರೂ ಕಾಲು ಮಡಿಚಿ ಕೂತು
ಒಂದು, ಎರಡು, ಮೂರು ಅಂತ
ತುಟಿ ಅಲ್ಲಾಡಿಸಿದೆವು, ನಾಚಿಕೆಯಿಂದ.
ಯಾರೋ ಒಂಬತ್ತಕ್ಕೇ ಗಂಟು ಹಾಕಿದ್ದರು;
ಸರ ಎಣಿಸಲಿಲ್ಲ, ಮುಷ್ಟಿಯಲ್ಲಿ ಹಿಡಿದೇ ತಿರುಗಿ ಕೊಟ್ಟರು.

ಐದು ಕಟ್ಟು, ಎರಡು ಬಿಡಿ, ನನ್ನ ಮುಂದೆ.
‘ಏಳು ಕೊಡು ನನಗ.’
ನನ್ನ ಕೈ ಗೌಸಿಯಾಳ ಗುಡ್ಡೆಯ ಕಡೆ ಹೋಯಿತು.
‘ಯಾರ ಮನಿಗೂ ಹೋಗಬ್ಯಾಡವಾ.
ನಿನ್ನ ಕಟ್ಟು ನೀನೇ ಬಿಚ್ಚು.’

ಬಿಚ್ಚಿದೆ.
ಕಡ್ಡಿಗಳು ಕಲ್ಲಿನ ಮೇಲೆ ಸರಿದು ಬಿದ್ದವು.
ಹನ್ನೆರಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.
ಐವತ್ತೆರಡು ಐವತ್ತೆರಡಾಗಿಯೇ ಇತ್ತು,
ಸೊಂಟದ ಬಿಗಿ ಸಡಿಲಿಸಿ ಕುಂತಿತ್ತು ಅಷ್ಟೇ.

ಆಗ ಅವ್ವ ನೆನಪಾದಳು.
ಹುಮನಾಬಾದ ರಸ್ತೆಯಲ್ಲಿ ಬಾಳೆಹಣ್ಣಿನ ಬುಟ್ಟಿ,
ಬಸ್ಸಿನ ಕಿಟಕಿಯಿಂದ ನೂರರ ನೋಟು.
‘ಅರವತ್ತೈದಕ್ಕ ಐದು, ಎಪ್ಪತ್ತು;
ಮ್ಯಾಲ ಮೂವತ್ತು, ನೂರು. ಹಿಡೀರಿ.’
ಡ್ರೈವರ್ ಗೇರು ಹಾಕುವುದರೊಳಗೆ.
ಅವಳು ಕಳೆದದ್ದೇ ಇಲ್ಲ ಜನ್ಮದಲ್ಲಿ,
ತುಂಬುವವರೆಗೆ ಕೂಡುತ್ತ ಹೋದಳು.
ಐದನೇ ಈಯತ್ತೆಯಲ್ಲಿ ನಾನು ಅಂದಿದ್ದೆ:
ನಿಂದು ಲೆಕ್ಕ ಅಲ್ಲಬೇ, ಅಂದಾಜು.
ಆಕಿ ಹೌದೇನೋ ಅಂತ ನಂಬಿದ್ದಳು.

ರಾತ್ರಿ ನಿದ್ದೆ ಬರಲಿಲ್ಲ.
ಒಂಬತ್ತು, ಒಂಬತ್ತು, ಅಂತ ಹೇಳಿಕೊಂಡೆ;
ಹತ್ತು ಅದರ ಹೊಟ್ಟೆಯಲ್ಲೇ ಕೂತಿದೆ, ಒಂದು ಕಡಿಮೆಯಾಗಿ.
ಪಕ್ಕದ ಹಾಸಿಗೆಯಿಂದ ಗೌಸಿಯಾ:
‘ಉನ್ನೀಸ್ ಭೀ ವೈಸಾಚ್. ಬೀಸ್ ಕೋ ಏಕ್ ಕಮ್.’
ನಾಲಿಗೆಗೆ ಮೊದಲಿಂದಲೂ ಗೊತ್ತಿತ್ತು,
ನಮಗೆ ಹೇಳಿರಲಿಲ್ಲ.
ನಕ್ಕೆವು, ಕತ್ತಲಲ್ಲಿ, ವಾರ್ಡನ್ನಿಗೆ ಕೇಳದ ಹಾಗೆ.

ಮರುದಿನ ದೇವಿಂದ್ರ ಬರಲಿಲ್ಲ.
ಮೂರನೇ ದಿನ ಬಂದ, ಅದೇ ಅಂಗಿ.
ಐದು ಕಟ್ಟು ಕೊಟ್ಟೆ, ಎರಡು ಬಿಡಿ.
ಅವನು ನನ್ನನ್ನು ನಂಬಲಿಲ್ಲ; ಪ್ರತಿ ಕಟ್ಟಿನಲ್ಲೂ
ಹತ್ತು ಇವೆಯೋ ಇಲ್ಲವೋ ಎಣಿಸಿ ನೋಡಿದ.
ಆಮೇಲೆ ಒಂದನ್ನು ಹಲ್ಲಿನಿಂದ ಬಿಚ್ಚಿದ.
‘ಹಂಗಾದ್ರ ಸಾಲ ಇಲ್ಲೇನ್ರಿ?’
ಇಲ್ಲ ಅಂದೆ.

ಲೆಕ್ಕಕ್ಕೆ ಬಾರದೆ ಉಳಿದದ್ದು ದಾರ.
ಅದನ್ನು ಗುಂಡಿಯ ತೂತಿಗೆ ಪೋಣಿಸಿ
ಅಂಗಿ ಬಿಗಿದು ಗಂಟು ಹಾಕಿಕೊಂಡ.
ಇಪ್ಪತ್ತೈದು ಅಂತ ಬರೆಯುವುದನ್ನು
ಇಬ್ಬರೂ ಮರೆತೆವು.