ಹೆಬ್ಬೆಟ್ಟು

ಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತೊಂದು ವರ್ಷ.
ಬೆರಳ ಗೆರೆಗಳನ್ನೆಲ್ಲ ತಿಂದಿತ್ತು ಗೇರಿನೆಣ್ಣೆ.
ಕಾವೂರಿನ ಶಾಲೆಯ ಹಾಜರಿ ಮೆಷಿನ್ನು
ಮೂರು ಸಲ ಒತ್ತಿದರೂ ಕೆಂಪು:
ಯಾರೂ ಅಲ್ಲ ನಾನು.

ಹೆಡ್ ಟೀಚರ್ ಐರಿನ್ ನಕ್ಕರು,
‘ಪುಸ್ತಕದಲ್ಲೇ ಸೈನ್ ಹಾಕಿ ಮಾರಾಯ್ರೆ.’
ಹಾಕಿದೆ: ರತ್ನಾವತಿ, ಅತಿಥಿ ಶಿಕ್ಷಕಿ.
ನಲವತ್ತನಾಲ್ಕಕ್ಕೆ ಬಂದ ಅತಿಥಿ!

ಚಿಪ್ಪು ಬಿಡಿಸುತ್ತ ಆಗ
ಇಡೀ ಬೀಜ ಮುಂದಿನ ಬೆಂಚು, ತುಂಡು ಹಿಂದಿನ ಬೆಂಚು,
ಹಾಜರಿ ಕರೆಯುತ್ತಿದ್ದೆ ಮನಸ್ಸಿನಲ್ಲೇ;
ಬಾಯಿಬಿಟ್ಟರೆ ಸೂಪರ್‌ವೈಸರ್ ಬೈಯುತ್ತಿದ್ದ.

ಈಗ ಒಂದನೇ ಕ್ಲಾಸು. ಹೆಸರು ಕರೆದೆ:
‘ಅಫ್ರೀನಾ.’
ಅವಳು ಎದ್ದು ನಿಂತು, ಹಲ್ಲುದುರಿದ ಬಾಯಲ್ಲಿ
‘ಯಸ್ ಟೀಚರ್’ ಅಂದಳು.

ಸೀಮೆಸುಣ್ಣ ಎತ್ತಿಕೊಂಡೆ.
ಕೈ ನಡುಗಿ
‘ಅ’ ಸ್ವಲ್ಪ ವಾಲಿತು.
ಹಾಗೇ ಬರೆದುಕೊಂಡರು ಮೂವತ್ತೊಂದು ಮಂದಿ,
ವಾಲಿಸಿಯೇ.