ಜೋಡಿ ಗೆರೆ

ಮೂರು ದಿನ ನೀರಿನ ಗ್ಲಾಸಿನ ಬಾಯಿಗೆ ಕೂತು
ಉಳ್ಳಾಗಡ್ಡಿ ಬೇರು ಬಿಟ್ಟಿದೆ.
ರೆಕಾರ್ಡಿನಲ್ಲಿ ಮಾತ್ರ ಈರುಳ್ಳಿ ಎಂದೇ ಬರೆಯಬೇಕು.
ತುದಿ ಕತ್ತರಿಸು, ಆಸಿಡ್ಡಿನಲ್ಲಿ ಅದ್ದು,
ಕೆಂಪು ಬಣ್ಣ ಎರಡು ಹನಿ, ಸ್ಪಿರಿಟ್ ದೀಪದ ಮೇಲೆ
ಕುದಿಯದ ಹಾಗೆ ಬೆಚ್ಚಗೆ ಹಿಡಿ.
ಈಗ ಹೆಬ್ಬೆಟ್ಟು ಒತ್ತು, ಅಂದರು ಹೂಗಾರ ಮೇಡಂ,
ಗಾಜು ಒಡೀಬಾರದು.

ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತಿದವರಿಗೆ ಲೆಕ್ಕವಿಲ್ಲ.
ಇಷ್ಟು ಹಗುರ ಒತ್ತಿದವಳು ನಾನೇ ಮೊದಲು.

ಲೆನ್ಸಿನಡಿ ಎಳೆಗಳು.
ಕದಿರೆಳೆ, ಅನ್ನುತ್ತದೆ ಪುಸ್ತಕ.
ಕದಿರು ಅಂದರೇನೆಂದು ಬನಹಟ್ಟಿಯ ಹುಡುಗಿಗೆ
ಯಾರೂ ಹೇಳಿಕೊಡಬೇಕಿಲ್ಲ. ಆದರೆ
ಇಲ್ಲಿ ಹಾಸಿಲ್ಲ, ಹೊಕ್ಕಿಲ್ಲ, ನೇಯುವವರೂ ಇಲ್ಲ;
ಹಿಡಿದು ಎರಡು ಕಡೆಗೆ ಎಳೆದೊಯ್ಯುವುದು, ಅಷ್ಟೇ,
ಸೀರೆ ಹರಿದ ಹಾಗೆ, ಸದ್ದಿಲ್ಲದೆ.
ಹದಿನಾರು ಇರಬೇಕು. ನನಗೆ ಹದಿಮೂರು ಸಿಕ್ಕವು.
ದಿಲಶಾದ ಎಣಿಸಲೇ ಇಲ್ಲ. ಹದಿನಾರು ಬರೆದಳು.

ಎರಡನೆಯ ತಾಸು, ವಂಶಾವಳಿ.
ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ,
ದೋಷವಿದ್ದರೆ ಕಪ್ಪು ತುಂಬಬೇಕು
(ದೋಷ ಅನಬ್ಯಾಡ್ರಿ, ಲಕ್ಷಣ ಅನ್ರಿ),
ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ.
ನಿಮ್ಮ ನಿಮ್ಮ ಮನೀದು ಬರದ ತರ್ರಿ.

ಅಪ್ಪ ಅವ್ವನಿಗೆ ಸೋದರಮಾವ.
ಅಪ್ಪನನ್ನು ಹೆತ್ತ ವೃತ್ತವೇ ಅವ್ವನ ಅವ್ವನನ್ನೂ ಹೆತ್ತದ್ದು:
ನನಗೆ ಅಜ್ಜಿ, ನನಗೇ ಮುತ್ತಜ್ಜಿ.
ಗೆರೆ ಒಂದು ತಲೆಮಾರು ಇಳಿದು, ಅಡ್ಡ ಹೋಗಿ,
ಮತ್ತೆ ಏರಿ ಬಂದು ಅಪ್ಪನ ಪಕ್ಕ ನಿಲ್ಲಬೇಕು.
ಮೂರು ಸಲ ಒರೆಸಿದೆ. ಹಾಳೆ ತೆಳ್ಳಗಾಗಿ
ಅಜ್ಜಿ ಇದ್ದಲ್ಲಿ ತೂತು ಬಿತ್ತು.

ತಮ್ಮ ಕಾಡಪ್ಪನ ಚೌಕ ಕಪ್ಪು. ಹುಟ್ಟಿದಾಗಿನಿಂದ ಕೇಳಿಸದು.
ಅಪ್ಪನದನ್ನೂ ಕಪ್ಪು ಮಾಡಿದ್ದೆ. ಮೇಡಂ ತಡೆದರು.
ಪವರ್‌ಲೂಮಿನ ಕಿವುಡು ರಕ್ತದಾಗ ಇಳಿಯಂಗಿಲ್ಲ,
ಖಾಲಿ ಬಿಡು.
ಇಪ್ಪತ್ತೆಂಟು ವರ್ಷ ನಾಲ್ಕು ಮಗ್ಗಗಳ ನಡುವೆ ನಿಂತ ಮನುಷ್ಯನಿಗೆ
ಹಾಳೆಯ ಮೇಲೆ ಎಲ್ಲ ಸ್ವಚ್ಛ ಕೇಳುತ್ತದೆ.

ಉಳಿದವನು ಅಜ್ಜ.
ಅಪ್ಪ ತೊಟ್ಟಿಲಲ್ಲಿದ್ದಾಗಲೇ ಹೋದವನು, ಕುಣಿಮಗ್ಗದ ಕಾಲದವನು.
ಕಿವಿ ಕೆಡಿಸುವ ಮಗ್ಗವಲ್ಲ ಅದು.
ಅಜ್ಜಗ ಕೇಳಸ್ತಿತ್ತೇನಬೇ?
ಅಜ್ಜಿ ಶೇಂಗಾ ಸುಲಿಯುತ್ತಿದ್ದಳು.
ಕರದರ ಬರತಿದ್ದಿಲ್ಲ, ಅಂದಳು.
ಒಂದು ಮುಷ್ಟಿ ಸುಲಿದಾದ ಮೇಲೆ:
ಕರದ ಕೂಡ್ಲೆ ಯಾವ ಗಂಡಸ ಬರತಾನ?
ಮತ್ತ, ಮಾತು?
ಅವನ ಕೈ ಭಾಳ ಮಾತಾಡತಿದ್ವು.
ನೇಯುವುದಕ್ಕೋ, ಹೊಡೆಯುವುದಕ್ಕೋ, ಹೇಳುವುದಕ್ಕೋ,
ನಾನು ಕೇಳಲಿಲ್ಲ.
ಅಜ್ಜನ ಚೌಕದೊಳಗೆ ಪ್ರಶ್ನೆಚಿಹ್ನೆ ಹಾಕಿ ಎದ್ದೆ.

ನನ್ನ ವೃತ್ತ ಖಾಲಿ.
ಆದರೆ ನಾಲ್ಕು ಮನೆಯ ಕೋಷ್ಟಕದಲ್ಲಿ
ಕೇಳಿಸದ ಒಂದು ಮನೆ ಹೊಡೆದುಹಾಕಿದರೆ
ಉಳಿದ ಮೂರರಲ್ಲಿ ಎರಡು ಅದನ್ನು ಹೊತ್ತವು.
ಲೆಕ್ಕ ದಿಲಶಾದಳ ಲೆಕ್ಕಕ್ಕೂ ತಾಳೆಯಾಯಿತು.
ಕಿವಿ ಮುಟ್ಟಿ ನೋಡಿಕೊಂಡೆ, ಹುಚ್ಚಿಯ ಹಾಗೆ.

ಸಂಜೆ ಕಾಡಪ್ಪ ರೆಕಾರ್ಡ್ ತೆರೆದ.
ಯಾರೂ ತೋರಿಸದೆ ತನ್ನ ಚೌಕ ಗುರುತು ಹಿಡಿದ.
ಅಪ್ಪನದರ ಮೇಲೆ ಬೆರಳಿಟ್ಟು, ಕಿವಿ ಮುಟ್ಟಿ,
ಅಂಗೈ ತಿರುವಿದ: ಇದ್ಯಾಕ ಬೆಳ್ಳಗ?
ನಮ್ಮ ಮನೆಯ ಕೈಮಾತಿನಲ್ಲಿ ಸದ್ದಿಗೆ ಪದವಿಲ್ಲ.
ನಡುಗುವುದಕ್ಕಿದೆ. ಅದನ್ನೇ ಮಾಡಿ ತೋರಿಸಿದೆ.
ಅವನು ಒಪ್ಪಲಿಲ್ಲ. ನಡುಕ ಅವನಿಗೂ ಗೊತ್ತು.

ಅಷ್ಟರಲ್ಲಿ ಕರೆಂಟ್ ಹೋಯಿತು.
ಕರೆಂಟ್ ಹೋದರೆ ಓಣಿಗೆಲ್ಲ ಒಮ್ಮೆಲೇ ಕಿವಿ ಬರುತ್ತದೆ:
ಯಾರದೋ ಕೆಮ್ಮು, ನಳದ ಹನಿ,
ಶೇಂಗಾ ಸಿಪ್ಪೆ ಮುರಿಯುವುದು ಕೂಡ.
ಬಾಗಿಲಾಚೆ ಮಗ್ಗದ ಮುಂದೆ ಅಪ್ಪ, ನನ್ನೆದುರಿಗೆ ತಮ್ಮ,
ನೆಲ ನಿಂತದ್ದು ಅಂಗಾಲಿಗೆ ತಿಳಿದು
ಒಂದೇ ಗಳಿಗೆಗೆ ತಲೆ ಎತ್ತಿದರು.

ಹತ್ತಕ್ಕೆ ಒಂಬತ್ತು ಬಂತು.
ಪ್ರಶ್ನೆಚಿಹ್ನೆಗೆ ಒಂದು ಹೋಯಿತು.
ತೂತಿಗೆ ಮೇಡಂ ಏನೂ ಕಳೆದಿಲ್ಲ.