ಮೂರು ಜೊತೆ ತೂತು

ಒಹಾಯೊದ ಒಂದು ಕೊಟ್ಟಿಗೆಯಲ್ಲಿ
ಕೋಳಿಗೂಡಿನ ತಂತಿಬಲೆಯ ಕೆಳಗೆ ಸಿಕ್ಕಿತು ಇದು.
ನೂರೈವತ್ತು ಡಾಲರ್. ಚೌಕಾಸಿ ಮಾಡಲಿಲ್ಲ.
ಮಲಗಿ ಓಡಿಸುವ ಕಾರ್ಟು. ಉದ್ದ ಆರಡಿ,
ಎತ್ತರ ನನ್ನ ಮೊಣಕಾಲಿಗೂ ಸಾಲದು,
ನೆಲಕ್ಕೂ ಅದಕ್ಕೂ ನಡುವೆ ಒಂದು ಬೆರಳು ತೂರಿಸಬಹುದು,
ಉಂಗುರ ತೆಗೆದಿಟ್ಟು.

ಕಾರ್ಖಾನೆ ಕೊಟ್ಟದ್ದು ನಾಲ್ಕು ಚಕ್ರ, ಎರಡು ಕೊಳವೆ.
ಮಿಕ್ಕಿದ್ದೆಲ್ಲ ಯಾರೋ ಒಬ್ಬನ ರಾತ್ರಿಗಳು.

ಮರ ಕೊಯ್ಯುವ ಗರಗಸದ ಎಂಜಿನ್ನು ಮಗ್ಗುಲಾಗಿ ಮಲಗಿದೆ.
ಹೊಗೆಕೊಳವೆಯ ಹೊಟ್ಟೆಗೆ ಏಳು ಶಂಕು, ತಗಡು ಸುತ್ತಿ ಬೆಸೆದದ್ದು.
ಮೊದಲ ಬೆಸುಗೆ ಒಡ್ಡೊಡ್ಡು;
ಕಡೆಯದರ ಹೊತ್ತಿಗೆ ಕೈ ಕುದುರಿ
ನಾಣ್ಯಗಳನ್ನು ಒಂದರ ಮೇಲೊಂದು ಜಾರಿಸಿಟ್ಟ ಹಾಗೆ.
ಪಕ್ಕೆಗೊಂದರಂತೆ ಪೆಟ್ರೋಲ್ ತೊಟ್ಟಿ,
ಎರಡೂ ಬೆಂಕಿ ಆರಿಸುವ ಸಿಲಿಂಡರು ಕುಯ್ದು ಮಾಡಿದವು. ನಕ್ಕೆ.
ಶಾಖ ಅಳೆಯುವ ಮುಳ್ಳು ಫ್ರಿಜ್ಜಿನ ಕಾರ್ಖಾನೆಯದು,
ಬಿಲ್ಲಿಲ್ಲದೆ ಊಟದ ಡಬ್ಬಿಯಲ್ಲಿ ಬಂದಿರಬೇಕು.

ಭಾರ ಇಳಿಸಲು ತೂತು ಕೊರೆದಿದ್ದಾನೆ ಸಿಕ್ಕಲ್ಲೆಲ್ಲ:
ಬ್ರೇಕಿನ ತಟ್ಟೆಗೆ, ಪೆಡಲಿಗೆ, ಸ್ಟೀರಿಂಗಿನ ಕಡ್ಡಿಗೆ,
ತೂತುಗಳ ನಡುವೆ ಉಳಿದ ಜಾಗಕ್ಕೂ ಒಂದು ಪುಟ್ಟ ತೂತು.
ಇಷ್ಟೆಲ್ಲ ಮಾಡಿ, ಸೀಟಿನಡಿ
ನಲವತ್ತು ಪೌಂಡ್ ಸೀಸ!
ಬ್ರೆಡ್ಡಿನ ಅಚ್ಚಿನಲ್ಲಿ ಎರಕ ಹೊಯ್ದದ್ದು,
ಅಂಚಿನ ನಿರಿಗೆ ಹಾಗೇ ಇದೆ.

ಎರಡು ದಿನ ಬೇಕಾಯ್ತು ನನಗೆ.
ಗಾಡಿಯೂ ಸವಾರನೂ ಸೇರಿ ಇಷ್ಟು ತೂಗಬೇಕೆಂದು ಕಾಯಿದೆ.
ಸವಾರ ಸಣ್ಣಗಿದ್ದರೆ ಸೀಸ ಹೊರಬೇಕು.
ಆಮೇಲೆ ಕಂಡೆ, ಪೆಡಲಿನ ಕೊಳವೆಗೆ ಮೂರು ಜೊತೆ ತೂತು,
ಒಂದೂವರೆ ಇಂಚಿಗೊಂದು.
ಮೊದಲೆರಡಕ್ಕೆ ತುಕ್ಕು, ಮೂರನೆಯದು ಬೋಲ್ಟು ಉಜ್ಜಿ ಹೊಳಪು.
ಬಾಗಿಲ ಚೌಕಟ್ಟಿಗೆ ಪೆನ್ಸಿಲಿನಲ್ಲಿ ಗೀಟು ಹಾಕುತ್ತಾರಲ್ಲ, ಹಾಗೆ
ಒಂದು ಮಗುವಿನ ಕಾಲು ಬೆಳೆದಿದೆ ಇಲ್ಲಿ.

ನಾಲ್ಕನೆಯದಕ್ಕೆ ಪಂಚ್ ಹೊಡೆದ ಚುಕ್ಕೆ ಮಾತ್ರ. ಕೊರೆದಿಲ್ಲ.

ಆ ಚುಕ್ಕೆಯ ಮೇಲೆ ಬೆರಳಿಟ್ಟು ಕೂತೆ.
ಅರವತ್ತೊಂಬತ್ತು, ಎಪ್ಪತ್ತರ ಕಾಲ. ತಿರುವಿನಲ್ಲಿ ಹುಲ್ಲಿನ ಪಿಂಡಿ.
ಸೊಂಟಕ್ಕೆ ಬೆಲ್ಟಿಲ್ಲ.
ಯಾರನ್ನೂ ಕೇಳದೆ
ಒಂದು ಶವಪೆಟ್ಟಿಗೆಗೆ ಅಳತೆ ತೆಗೆದುಬಿಟ್ಟೆ.

ಸೆಪ್ಟೆಂಬರಿನಲ್ಲಿ ಹಳೆ ಕಾರ್ಟುಗಳ ಕೂಟಕ್ಕೆ ಒಯ್ದೆ, ಬರೀ ತೋರಿಸಲು;
ಕಾರ್ಬ್ಯುರೇಟರ್ ಮನೆಯ ಬೆಂಚಿನ ಮೇಲೆ ಬಿಚ್ಚಿ ಬಿದ್ದಿತ್ತು.
ಮೈದಾನದ ತುಂಬ ಹರಳೆಣ್ಣೆ ಸುಟ್ಟ ಹೊಗೆ.
ಚಿಕ್ಕಂದಿನಲ್ಲಿ ಮೂಗು ಹಿಡಿದು ನುಂಗಿದ ಎಣ್ಣೆಗೆ
ಈಗ ಮೂಗರಳಿಸಿ ನಿಲ್ಲುತ್ತೇವೆ ಮುದುಕರೆಲ್ಲ.

ಬೇಯಿಸಿದ ಜೋಳದ ತೆನೆ ಕಡಿಯುತ್ತ ಬಂದ ಹೆಂಗಸೊಬ್ಬಳು
ಬಗ್ಗಿ ನೋಡಿ, "ಪಾವ್ಲಿಕನ ಬೆಸುಗೆ," ಅಂದಳು. "ನಮ್ಮಪ್ಪ."
ಹೇಗೆ ಕೇಳುವುದೋ ತಿಳಿಯದೆ ನಾಲ್ಕನೆಯ ಚುಕ್ಕೆ ತೋರಿಸಿದೆ.
ನಕ್ಕಳು, ಹಲ್ಲಿಗಂಟಿದ ಜೋಳ ಕಾಣುವಂತೆ:
"ಐದಡಿ ಒಂದಿಂಚಿಗೆ ನಿಂತುಬಿಟ್ಟೆ. ಅಷ್ಟೇ.
ಅಪ್ಪ ಮಾತ್ರ ಎರಡು ವರ್ಷ ಡ್ರಿಲ್ಲು ಹಿಡಿದು ಕಾದ."

ಮಲಗಿ ನೋಡ್ತೀರಾ, ಅಂದೆ.
ಸೊಂಟ ಸೀಟಿಗಿಳಿಯಲಿಲ್ಲ; ನನ್ನ ಜಾಕೆಟ್ಟು ಹಾಸಿ
ಓರೆಯಾಗಿ ಒರಗಿದಳು ನಡೀನ್.
ಕಾಲು ಮಾತ್ರ ಪೆಡಲಿಗೆ ಸರಿಯಾಗಿ ಸಂದಿತು.
ಗದ್ದ ಎದೆಗೆ. ಕಣ್ಣು ಮುಂದೆ:
ಜಲ್ಲಿಕಲ್ಲು, ಯಾರದೋ ಬೂಟು, ಒಂದು ನಾಯಿ.

ಹೇಳದೆ ಕೇಳದೆ ಬಲಗೈ ಹಿಂದಕ್ಕೆ ಹೋಯಿತು.
ನೇರ ದಾರಿಯ ಕೊನೆಗೆ, ಎಂಜಿನ್ನು ಒಣಗಿ ಬಿಗಿಯದಿರಲೆಂದು
ಕಾರ್ಬ್ಯುರೇಟರಿನ ಬಾಯಿಗೆ ಅಂಗೈ ಮುಚ್ಚಿ
ಒಂದು ಗುಟುಕು ಹೆಚ್ಚು ಕುಡಿಸುತ್ತಿದ್ದರು ಆಗ.
ಕೈ ಸರಿಯಾದ ಜಾಗಕ್ಕೇ ಬಂತು.
ಅಲ್ಲಿ ಎರಡು ಬೋಲ್ಟು, ಒಂದು ತೂತು.
ಮುಚ್ಚಿ ಹಿಡಿದಳು,
ತಿರುವು ದಾಟುವವರೆಗೆ.